ನೋಡ್-ಸೃಷ್ಟಿ ಮೀಮಾಂಸೆ

ಜಾಲಾನುಕರಣ ತಂತ್ರಾಂಶದಲ್ಲಿ ನೋಡ್‌ಗಳನ್ನು ಸೃಷ್ಟಿಸಲು ಸಾಧುವಾದ ಎಪಿಐ ಯಾವುದೆಂಬುದು ಈ ಪ್ರಕರಣದ ವಿಷಯ. ಸೃಷ್ಟಿಗೆ ಅನೇಕ ದ್ವಾರಗಳು ತೆರೆದಿವೆ. ಅವುಗಳಲ್ಲಿ ಕೆಲವು ಒಂದೇ ಹೆಸರನ್ನು ಧರಿಸಿವೆ. ತಪ್ಪು ದ್ವಾರದಿಂದ ಬಂದ ನೋಡ್ ಕೂಡ ಬಹುಕಾಲ ಸರಿಯಾದ ನೋಡ್‌ನಂತೆಯೇ ವರ್ತಿಸುತ್ತದೆ. ಆದಕಾರಣ ಸಂಶಯ. ಸಂಶಯವಿದ್ದಲ್ಲಿ ವಿಚಾರ, ವಿಚಾರಕ್ಕೆ ಮೊದಲು ಲಕ್ಷಣ.

ದೃಷ್ಟಾಂತವಿಲ್ಲದೆ ಲಕ್ಷಣ ನಿಲ್ಲದಾದ್ದರಿಂದ ಒಂದು ಪುಟ್ಟ ಜಾಲವನ್ನು ಕಲ್ಪಿಸಿಕೊಳ್ಳಬೇಕು. ಕಾಸರಗೋಡು, ಕುಂಬಳೆ, ಉಪ್ಪಳ, ಮಂಜೇಶ್ವರ: ಮಂಗಳೂರಿನತ್ತ ಸಾಗುವ ರೈಲುಹಳಿಯ ಮೇಲೆ ದಕ್ಷಿಣದಿಂದ ಉತ್ತರಕ್ಕೆ ಇದೇ ಕ್ರಮದಲ್ಲಿ ಬರುವ ನಾಲ್ಕು ಊರುಗಳು. ಊರಿಗೊಂದರಂತೆ ನಾಲ್ಕು ನೋಡ್, ನಡುವೆ ಮೂರು ಕೊಂಡಿ. ರಾಷ್ಟ್ರೀಯ ಹೆದ್ದಾರಿ 66ರ ಅಂಚಿನಲ್ಲಿ ಮಣ್ಣು ಅಗೆಯುವ ಜೆಸಿಬಿಯ ಹಲ್ಲಿಗೆ ಉಪ್ಪಳ-ಕುಂಬಳೆಯ ನಡುವಿನ ಕೇಬಲ್ ಸಿಕ್ಕಿದರೆ ಉಪ್ಪಳದ ಪ್ಯಾಕೆಟ್‌ಗಳ ಗತಿಯೇನು ಎಂಬುದು ಪ್ರಶ್ನೆ ಎನ್ನೋಣ. ಕೇಬಲ್ ಕತ್ತರಿಸದೆಯೇ ಉತ್ತರ ಪಡೆಯುವ ಉಪಾಯ ಅನುಕರಣ. ನೈಜ ಜಾಲದ ವರ್ತನೆಯನ್ನು ಘಟನೆಗಳ ಸರಣಿಯಾಗಿ ವಿಂಗಡಿಸಿ, ಪ್ರತಿ ಘಟನೆಗೂ ಒಂದು ಕಲ್ಪಿತ ಕಾಲವನ್ನು ಕೊಟ್ಟು, ಆ ಕಾಲಕ್ರಮದಲ್ಲಿ ನಡೆಸುವ ಗಣನೆಯೇ ಜಾಲಾನುಕರಣ. ಇಲ್ಲಿ ಗೋಡೆಗಡಿಯಾರದ ಕಾಲಕ್ಕೆ ಅಧಿಕಾರವಿಲ್ಲ, ಘಟನಾಸೂಚಿಯ ಕಾಲಕ್ಕೆ ಮಾತ್ರ.

ಇನ್ನು ನೋಡ್. ಇದಕ್ಕೆ ‘ಗ್ರಂಥಿ’ ಎಂಬ ಸಂಸ್ಕೃತ ಪರ್ಯಾಯವಿದ್ದರೂ ಕನ್ನಡದ ಕಿವಿಗೆ ಅದು ವೈದ್ಯಶಾಸ್ತ್ರದ ಗ್ರಂಥಿ; ಆದ್ದರಿಂದ ತ್ಯಾಜ್ಯ. ‘ನೋಡ್’ ಎಂಬುದೇ ವ್ಯವಹಾರಸಿದ್ಧ. ಅದು ‘ನೋಡು’ ಎಂಬ ಕ್ರಿಯಾಪದದ ಹಾಗೆ ಕೇಳಿಸುವುದು ಆಕಸ್ಮಿಕ. ಕಂಡದ್ದೆಲ್ಲ ನೋಡ್ ಅಲ್ಲ.

‘ಐಪಿ ವಿಳಾಸವುಳ್ಳದ್ದು ನೋಡ್’ ಎಂಬ ಲಕ್ಷಣವನ್ನು ಕೆಲವರು ಹೇಳುತ್ತಾರೆ. ಅದರಲ್ಲಿ ಅವ್ಯಾಪ್ತಿ ದೋಷವಿದೆ: ವಿಳಾಸವಿಲ್ಲದ ಸ್ವಿಚ್ ಕೂಡ ನೋಡ್, ಈಗಷ್ಟೇ ಹುಟ್ಟಿ ಇನ್ನೂ ವಿಳಾಸ ಪಡೆಯದ್ದೂ ನೋಡ್. ಜೊತೆಗೆ ವಿಳಾಸಸಂಖ್ಯೆ ನೋಡ್‌ಸಂಖ್ಯೆಯನ್ನು ಹಿಂಬಾಲಿಸುವುದಿಲ್ಲ. ಕುಂಬಳೆಯತ್ತ ಒಂದು, ಮಂಜೇಶ್ವರದತ್ತ ಒಂದು ಎಂದು ಎರಡು ಕೊಂಡಿಗಳುಳ್ಳ ಉಪ್ಪಳಕ್ಕೆ ವಿಳಾಸ ಎರಡು, ನೋಡ್ ಒಂದೇ. ‘ಸ್ಥಾನವುಳ್ಳದ್ದು ನೋಡ್’ ಎಂದರೂ ಅವ್ಯಾಪ್ತಿಯೇ, ತಂತಿಜಾಲದ ಅನುಕರಣದಲ್ಲಿ ಅಕ್ಷಾಂಶ-ರೇಖಾಂಶಗಳ ಪ್ರಸಕ್ತಿಯೇ ಬರದಿರಬಹುದಾದ್ದರಿಂದ. ‘ಕಂಪ್ಯೂಟರೇ ನೋಡ್’ ಎಂಬುದು ಅಸಂಭವ. ಅನುಕರಣದೊಳಗೆ ಕಂಪ್ಯೂಟರ್ ಇಲ್ಲ. ಆದ್ದರಿಂದ ಲಕ್ಷಣ ಹೀಗೆ: ಅನುಕರಣದ ನೋಂದಣಿಯಲ್ಲಿ ಸಂಖ್ಯೆ ಪಡೆದು, ಉಪಕರಣ, ಪ್ರೋಟೋಕಾಲ್ ಮತ್ತು ಅನ್ವಯಗಳನ್ನು ಧರಿಸಲು ಯೋಗ್ಯವಾದ ಆಶ್ರಯದ್ರವ್ಯವೇ ನೋಡ್. ‘ನೋಂದಣಿ’ ಎಂಬ ಪದದಿಂದ ಬರಿಯ ಸ್ಮೃತಿಖಂಡದ ನಿರಾಸ. ‘ಆಶ್ರಯ’ ಎಂಬುದರಿಂದ ಉಪಕರಣಗಳ ನಿರಾಸ. ‘ಯೋಗ್ಯ’ ಎಂಬುದರಿಂದ ಇನ್ನೂ ಏನನ್ನೂ ಧರಿಸದ ನವಜಾತ ನೋಡ್‌ನ ಸಂಗ್ರಹ. ಅಂಗಡಿಯಿಂದ ತಂದ, ಕಾರ್ಡ್ ಹಾಕದ, ತಂತ್ರಾಂಶ ತುಂಬದ ಖಾಲಿ ಡಬ್ಬದ ಹಾಗೆ ಅದು, ಖಾಲಿಯಾದರೂ ಡಬ್ಬವೇ.

ಎಪಿಐ ಎಂದರೆ ತಂತ್ರಾಂಶದ ಕರ್ತೃಗಳು ಪ್ರಯೋಕ್ತೃವಿಗೆ ತೆರೆದಿಟ್ಟ ವಚನಗಳ ಸಮೂಹ. ಯಾವ ವಚನದಿಂದ ಹುಟ್ಟಿದ ವಸ್ತುವಿನಲ್ಲಿ ಮೇಲಿನ ಲಕ್ಷಣ ಪೂರ್ಣವಾಗಿ ಸಮನ್ವಯವಾಗುವುದೋ ಆ ವಚನ ಸಾಧು. ಸಾಧುತ್ವಕ್ಕೆ ಸೌಲಭ್ಯ ಲಕ್ಷಣವಲ್ಲ, ಲಾಘವವೂ ಅಲ್ಲ, ‘ಪ್ರೋಗ್ರಾಂ ಓಡಿತು’ ಎಂಬುದಂತೂ ಅಲ್ಲವೇ ಅಲ್ಲ.

ತಂತ್ರಾಂಶಭೇದದಿಂದ ಸೃಷ್ಟಿಭೇದ. ಬೆಂಗಳೂರಿನ ಟೆಟ್‌ಕೋಸ್ ಸಂಸ್ಥೆಯ ನೆಟ್‌ಸಿಮ್‌ನಲ್ಲಿ ಸಾಧನದ ಚಿತ್ರವನ್ನು ಎಳೆದು ಪರದೆಯ ಮೇಲೆ ಬಿಟ್ಟರೆ ಸೃಷ್ಟಿಯಾಯಿತು. ಅಲ್ಲಿ ಕೈಯ ಚಲನೆಯೇ ವಚನ, ಆದ್ದರಿಂದ ವಿವಾದ ವಿರಳ. ಎನ್‌ಎಸ್-2ರಲ್ಲಿ ಸಿಮ್ಯುಲೇಟರ್ ವಸ್ತುವಿಗೇ ‘ನೋಡ್’ ಎಂದು ಆಜ್ಞಾಪಿಸಬೇಕು. ಅದನ್ನು ತಪ್ಪಿಸಿ ನೋಡ್ ವರ್ಗದಿಂದ ನೇರವಾಗಿ ವಸ್ತುವನ್ನು ಹುಟ್ಟಿಸಿದರೆ ಸಿಮ್ಯುಲೇಟರಿನ ಪಟ್ಟಿಗೆ ಅದು ಸೇರದು. ನಿಸ್ತಂತು ಜಾಲವಾದರೆ ‘ನೋಡ್-ಕಾನ್ಫಿಗ್’ ವಚನ ಸೃಷ್ಟಿಗೆ ಮುಂಚೆಯೇ ಬರಬೇಕು. ಹುಟ್ಟಿದ ಮೇಲೆ ಹೇಳಿದ ಕಾನ್ಫಿಗ್ ಹುಟ್ಟಿದ್ದಕ್ಕೆ ತಾಗದು, ಮುಂದೆ ಹುಟ್ಟುವುದಕ್ಕೆ ತಾಗುತ್ತದೆ. ವಿವಾದ ಸಮೃದ್ಧವಾಗಿರುವುದು 2008ರಲ್ಲಿ ಮೊದಲ ಆವೃತ್ತಿ ಹೊರಬಂದ ಎನ್‌ಎಸ್-3ರಲ್ಲಿ. ಸಿ++ ಭಾಷೆಯ ಸಕಲ ಸ್ವಾತಂತ್ರ್ಯವನ್ನೂ ಅದು ಪ್ರಯೋಕ್ತೃವಿಗೆ ಬಿಟ್ಟುಕೊಟ್ಟಿದೆ. ಮುಂದಿನ ವಿಚಾರ ಪ್ರಾಯಶಃ ಅದನ್ನೇ ಕುರಿತದ್ದು.

ಅಲ್ಲಿ ಪೂರ್ವಪಕ್ಷ: ನೋಡ್ ಎಂಬುದು ಸಿ++ ವರ್ಗವೊಂದರ ವಸ್ತು. ವಸ್ತುವನ್ನು ಹುಟ್ಟಿಸುವ ವಿಧಾನವನ್ನು ಭಾಷೆಯೇ ಹೇಳಿಕೊಟ್ಟಿದೆ. ಫಂಕ್ಷನ್‌ನೊಳಗೆ ‘ನೋಡ್ ಉಪ್ಪಳ’ ಎಂದು ಘೋಷಿಸಿದರೆ ಸಾಕು, ಇಲ್ಲವೇ ‘ನ್ಯೂ ನೋಡ್’ ಎಂದರೆ ಸಾಕು. ಭಾಷಾಸಿದ್ಧವಾದ ಉಪಾಯವಿರುವಾಗ ತಂತ್ರಾಂಶ ಬೇರೊಂದು ವಚನವನ್ನು ವಿಧಿಸುವುದು ಗೌರವದೋಷ. ಮರವಿದ್ದಲ್ಲಿ ಕಂಬ ಇದ್ದೇ ಇದೆ.

ಸಿದ್ಧಾಂತ: ಮರವಿದ್ದಲ್ಲಿ ಕಂಬವಿರಬಹುದು, ಯೂಪವಿರುವುದಿಲ್ಲ. ಯೂಪವೆಂದರೆ ಖದಿರವೋ ಬಿಲ್ವವೋ ಮಾತ್ರ ಅಲ್ಲ. ಛೇದನ, ತಕ್ಷಣ (ಕೆತ್ತನೆ), ಎಂಟು ಅಂಚುಗಳ ರಚನೆ, ಅಂಜನ, ಉಚ್ಛ್ರಯಣ ಎಂಬ ಸಂಸ್ಕಾರಗಳಿಂದ ವಿಶಿಷ್ಟವಾದ ಕಾಷ್ಠ. ಸಂಸ್ಕಾರವಿಲ್ಲದ ಕಾಷ್ಠಕ್ಕೆ ಪಶುವನ್ನು ಕಟ್ಟಬಹುದು, ಯಾಗ ಸಿದ್ಧಿಸದು. ಹಾಗೆಯೇ ಸ್ಮೃತಿಯಲ್ಲಿ ಜಾಗ ಪಡೆದದ್ದು ಮಾತ್ರ ನೋಡ್ ಅಲ್ಲ. ಎಣಿಕೆ (ವಸ್ತುವನ್ನು ಎಷ್ಟು ಮಂದಿ ಹಿಡಿದಿದ್ದಾರೆಂಬ ಲೆಕ್ಕ), ಜಾತಿನಿರ್ದೇಶ (ಅದು ಯಾವ ವರ್ಗದ್ದೆಂಬ ಗುರುತು), ನೋಂದಣಿ ಎಂಬ ಮೂರು ಸಂಸ್ಕಾರಗಳಿಂದ ವಿಶಿಷ್ಟವಾದದ್ದು ನೋಡ್. ಇವುಗಳಲ್ಲಿ ಯಾವುದು ಯಾವ ವಚನದಿಂದ ಬರುತ್ತದೆ, ಯಾವುದರಿಂದ ತಪ್ಪುತ್ತದೆ ಎಂಬುದನ್ನು ಬಿಡಿಸಿ ನೋಡಬೇಕು.

ನೋಂದಣಿ ನೋಡ್‌ನ ಕನ್‌ಸ್ಟ್ರಕ್ಟರ್‌ನಲ್ಲೇ ನಡೆಯುತ್ತದೆ: ಹುಟ್ಟುತ್ತಲೇ ಅದು ‘ನೋಡ್‌ಲಿಸ್ಟ್’ ಎಂಬ ಜಾಗತಿಕ ಪಟ್ಟಿಗೆ ಸೇರಿ, 0ಯಿಂದ ಮೊದಲಾಗುವ ಸಂಖ್ಯೆಯೊಂದನ್ನು ಪಡೆಯುತ್ತದೆ, ಪಟ್ಟಿ ಅದೇ ಕ್ಷಣದಲ್ಲಿ ಆ ನೋಡ್‌ನ ಪ್ರಾರಂಭಘಟನೆಯನ್ನು ಶೂನ್ಯಕಾಲಕ್ಕೆ ನಿಗದಿಪಡಿಸುತ್ತದೆ. ಆದ್ದರಿಂದ ಯಾವ ದ್ವಾರದಿಂದ ಬಂದರೂ ನೋಂದಣಿ ತಪ್ಪುವುದಿಲ್ಲ. ಭ್ರಮೆಯ ಮೂಲವೂ ಇದೇ.

ಫಂಕ್ಷನ್‌ನೊಳಗೆ ಘೋಷಿತವಾದ ನೋಡ್ ಆ ಫಂಕ್ಷನ್ ಮುಗಿದೊಡನೆ ನಶಿಸುತ್ತದೆ. ಅದರ ಜಾಗ ಸ್ಮೃತಿಯ ಸ್ಟ್ಯಾಕ್‌ನದು. ಎಣಿಕೆ ಎಷ್ಟಿದೆ ಎಂದು ಸ್ಟ್ಯಾಕ್ ಕೇಳುವುದಿಲ್ಲ. ಪಟ್ಟಿಯಲ್ಲಿ ಮಾತ್ರ ಅದರ ನಿರ್ದೇಶ ಉಳಿದಿರುತ್ತದೆ. ಶೂನ್ಯಕಾಲ ಬಂದಾಗ ಪಟ್ಟಿಯು ಈಗಾಗಲೇ ಇಲ್ಲವಾದ ನೋಡ್ ಅನ್ನು ಕೂಗಿ ಎಬ್ಬಿಸಲು ಹೋಗುತ್ತದೆ. ಇದು ಅಲ್ಪಾಯುರ್ದೋಷ. ‘ನ್ಯೂ’ ಎಂದು ಹುಟ್ಟಿಸಿದ್ದಕ್ಕೆ ವಿಪರೀತ ದೋಷ. ವಸ್ತು ಹುಟ್ಟುವಾಗಲೇ ತನ್ನ ಎಣಿಕೆಯನ್ನು ಒಂದು ಎಂದು ಇಟ್ಟುಕೊಂಡಿರುತ್ತದೆ. ಅದನ್ನು ಹಿಡಿಯುವ ಸ್ಮಾರ್ಟ್ ಪಾಯಿಂಟರ್ ಮತ್ತೊಂದನ್ನು ಸೇರಿಸುತ್ತದೆ. ಹಿಡಿದವರೆಲ್ಲ ಬಿಟ್ಟ ಮೇಲೂ ಮೊದಲಿನ ಒಂದು ತೀರದೆ ಉಳಿಯುತ್ತದೆ. ಇದು ಚಿರಂಜೀವಿದೋಷ, ವ್ಯವಹಾರದಲ್ಲಿ ಮೆಮೊರಿ ಲೀಕ್. ನಾಲ್ಕು ನೋಡ್‌ಗಳ ಜಾಲದಲ್ಲಿ ಇದು ಯಾರ ಗಮನಕ್ಕೂ ಬಾರದು. ಒಂದೇ ಪ್ರೋಗ್ರಾಂನೊಳಗೆ ಅನುಕರಣವನ್ನು ಸಾವಿರ ಬಾರಿ ಆವರ್ತಿಸುವವನ ಲ್ಯಾಪ್‌ಟಾಪ್ ಏದುಸಿರು ಬಿಡುವಾಗ ಬರುತ್ತದೆ.

ಇಲ್ಲಿ ಎರಡನೆಯ ಪೂರ್ವಪಕ್ಷಿ ಏಳುತ್ತಾನೆ. ಇವನು ಮೊದಲಿನವನಿಗಿಂತ ಚತುರ. ‘ನ್ಯೂ ಬಿಟ್ಟೆವು. ತಂತ್ರಾಂಶವೇ ಕೊಟ್ಟಿರುವ ಕ್ರಿಯೇಟ್ ಎಂಬ ಟೆಂಪ್ಲೇಟ್ ವಚನವಿದೆ. ಅದು ಎಣಿಕೆಯನ್ನು ಸರಿಯಾಗಿ ಇಡುತ್ತದೆ. ನೋಂದಣಿ ಹೇಗೂ ಆಗುತ್ತದೆ. ಕ್ರಿಯೇಟ್ ಎಂದರೆ ಸೃಷ್ಟಿಸು ಎಂದೇ ಅರ್ಥ. ಹೆಸರೇ ಹೇಳುವಾಗ ಕ್ರಿಯೇಟ್‌ಆಬ್ಜೆಕ್ಟ್ ಎಂಬ ಇನ್ನೊಂದು ಏಕೆ? ಪ್ರೋಗ್ರಾಂ ಓಡುತ್ತದೆ, ಪ್ಯಾಕೆಟ್ ಉಪ್ಪಳದಿಂದ ಕಾಸರಗೋಡಿಗೆ ತಲುಪುತ್ತದೆ, ಫಲದರ್ಶನವೇ ಪ್ರಮಾಣ.’

ಇದಕ್ಕೆ ಎರಡು ಉತ್ತರ. ಹೆಸರಿನ ವಾದವನ್ನು ಮೊದಲು ತೆಗೆದುಕೊಳ್ಳಬೇಕು. ಶ್ರುತಿ, ಲಿಂಗ, ವಾಕ್ಯ, ಪ್ರಕರಣ, ಸ್ಥಾನ, ಸಮಾಖ್ಯಾ ಎಂಬ ಮೀಮಾಂಸೆಯ ಆರು ಪ್ರಮಾಣಗಳಲ್ಲಿ ಪೂರ್ವಪೂರ್ವವು ಪ್ರಬಲ, ಉತ್ತರೋತ್ತರವು ದುರ್ಬಲ. ಹೆಸರಿನಿಂದ ಅರ್ಥ ಹಿಡಿಯುವುದು ಸಮಾಖ್ಯಾ, ಆರರಲ್ಲೂ ಕೊನೆಯದು. ಅಲ್ಲದೆ ಇಲ್ಲಿ ಹೆಸರೇ ದ್ವ್ಯರ್ಥಿ: ನೋಡ್‌ಕಂಟೇನರ್‌ನ ಕ್ರಿಯೇಟ್ ಒಂದು, ಸ್ವತಂತ್ರ ಟೆಂಪ್ಲೇಟ್ ಕ್ರಿಯೇಟ್ ಇನ್ನೊಂದು. ಮೊದಲನೆಯದು ನೋಡ್‌ಗಳನ್ನು ಹುಟ್ಟಿಸಲೆಂದೇ ಇರುವುದು. ಎರಡನೆಯದು ಎಣಿಕೆ ಮಾತ್ರ ಬೇಕಾದ ಸಾಮಾನ್ಯ ವಸ್ತುಗಳಿಗೆ, ಉದಾಹರಣೆಗೆ ಪ್ಯಾಕೆಟ್‌ಗೆ. ಆಬ್ಜೆಕ್ಟ್ ವರ್ಗದಿಂದ ಇಳಿದುಬಂದ ವಸ್ತುಗಳನ್ನು ಕ್ರಿಯೇಟ್‌ಆಬ್ಜೆಕ್ಟ್‌ನಿಂದಲೇ ಸೃಷ್ಟಿಸಬೇಕೆಂದು ಎನ್‌ಎಸ್-3ರ ಕೈಪಿಡಿ ಕಂಠೋಕ್ತವಾಗಿ ಹೇಳುತ್ತದೆ. ನೋಡ್ ಆಬ್ಜೆಕ್ಟ್‌ನ ಸಂತತಿ. ಕಂಠೋಕ್ತಿ ಶ್ರುತಿ, ಅದರೆದುರು ಸಮಾಖ್ಯಾ ನಿಲ್ಲದು.

ಫಲದರ್ಶನದ ವಾದಕ್ಕೆ ಉತ್ತರ ಇನ್ನೂ ಸೂಕ್ಷ್ಮ, ಏಕೆಂದರೆ ಪೂರ್ವಪಕ್ಷಿ ಹೇಳುವ ಫಲ ಎಷ್ಟೋ ಸಲ ನಿಜವಾಗಿಯೂ ಕಾಣಿಸುತ್ತದೆ. ತಪ್ಪುವುದು ಜಾತಿನಿರ್ದೇಶ. ಕ್ರಿಯೇಟ್‌ಆಬ್ಜೆಕ್ಟ್ ಮೂರು ಕೆಲಸ ಮಾಡುತ್ತದೆ: ವಸ್ತುವನ್ನು ಹುಟ್ಟಿಸುತ್ತದೆ, ‘ನೀನು ನೋಡ್’ ಎಂದು ಅದರ ಟೈಪ್‌ಐಡಿಯನ್ನು ಬರೆಯುತ್ತದೆ, ಗುಣಗಳಿಗೆ ಪೂರ್ವನಿಶ್ಚಿತ ಮೌಲ್ಯಗಳನ್ನು ತುಂಬುತ್ತದೆ. ಕ್ರಿಯೇಟ್ ಮಾಡುವುದು ಮೊದಲನೆಯದನ್ನು ಮಾತ್ರ. ಅದರಿಂದ ಹುಟ್ಟಿದ ನೋಡ್ ತನ್ನನ್ನು ನೋಡ್ ಎಂದು ತಿಳಿಯದೆ, ತಾನು ಬರಿಯ ಆಬ್ಜೆಕ್ಟ್ ಎಂದೇ ತಿಳಿದಿರುತ್ತದೆ. ಯಕ್ಷಗಾನದ ಪಾರ್ತಿಸುಬ್ಬನ ಸೀಮೆಯಾದ ಕುಂಬಳೆಯ ಆಸುಪಾಸಿನಲ್ಲಿ ಇದನ್ನು ವಿವರಿಸುವುದು ಸುಲಭ: ಚೌಕಿಯಲ್ಲಿ ಬಣ್ಣ ಬರೆದು, ಕಿರೀಟ ಕಟ್ಟಿ, ರಂಗಸ್ಥಳಕ್ಕೂ ಬಂದು ನಿಂತ ವೇಷ; ಆದರೆ ಪೀಠಿಕೆ ಹೇಳಿಲ್ಲ. ಕುಣಿಯುತ್ತದೆ, ತಾಳ ತಪ್ಪುವುದಿಲ್ಲ, ಸಭೆ ಚಪ್ಪಾಳೆಯನ್ನೂ ತಟ್ಟುತ್ತದೆ. ಎದುರು ವೇಷ ಬಂದು ‘ನೀನಾರು?’ ಎಂದಾಗ ಉತ್ತರ ಹೊರಡುವುದಿಲ್ಲ.

ಅನುಕರಣದಲ್ಲಿ ‘ನೀನಾರು’ ಎಂದು ಕೇಳುವುದು ಕಾನ್ಫಿಗ್ ವ್ಯವಸ್ಥೆ. ಉಪ್ಪಳದ ಮೊದಲ ಉಪಕರಣದ ಗತಿಯನ್ನು ದಾಖಲಿಸಬೇಕಾದರೆ ಪ್ರಯೋಕ್ತೃ ಒಂದು ಪಥವನ್ನು ಬರೆಯುತ್ತಾನೆ: ನೋಡ್‌ಲಿಸ್ಟ್, ಅದರಲ್ಲಿ 2, ಅದರ ಡಿವೈಸ್‌ಲಿಸ್ಟ್, ಅದರಲ್ಲಿ 0. ವ್ಯವಸ್ಥೆ ಪಥದ ಒಂದೊಂದು ಮೆಟ್ಟಿಲಲ್ಲೂ ವಸ್ತುವಿನ ಟೈಪ್‌ಐಡಿಯನ್ನು ಕೇಳಿ, ಆ ಜಾತಿಗೆ ಮುಂದಿನ ಹೆಸರಿನ ಗುಣವಿದೆಯೇ ಎಂದು ಪರೀಕ್ಷಿಸುತ್ತದೆ. ನೋಡ್ ಜಾತಿಗೆ ಡಿವೈಸ್‌ಲಿಸ್ಟ್ ಎಂಬ ಗುಣವಿದೆ, ಆಬ್ಜೆಕ್ಟ್ ಜಾತಿಗಿಲ್ಲ. ಪಥ ಎರಡನೆಯ ಮೆಟ್ಟಿಲಲ್ಲೇ ಕಡಿದುಹೋಗುತ್ತದೆ. ಇದನ್ನು ದೋಷವೆಂದು ಸೂಚಿಸದ ಹಳೆಯ ಆವೃತ್ತಿಗಳಲ್ಲಿ ಪ್ಯಾಕೆಟ್‌ಗಳು ತಲುಪುತ್ತಿರುತ್ತವೆ, ದಾಖಲೆಯ ಫೈಲ್ ಮಾತ್ರ ಖಾಲಿ. ಪ್ರಯೋಕ್ತೃ ಕೊಂಡಿಯನ್ನು ಶಂಕಿಸುತ್ತಾನೆ, ಅನ್ವಯವನ್ನು ಶಂಕಿಸುತ್ತಾನೆ, ಎರಡು ರಾತ್ರಿ ಕಳೆಯುತ್ತಾನೆ. ಸೃಷ್ಟಿವಾಕ್ಯವನ್ನು ಶಂಕಿಸುವುದಿಲ್ಲ, ಏಕೆಂದರೆ ಅದು ಮೊದಲ ಪುಟದಲ್ಲಿ ಎಂದೋ ‘ಓಡಿತ್ತು’. ಆದ್ದರಿಂದ ದೃಷ್ಟಫಲವು ಕಾಕತಾಲೀಯ, ಪ್ರಮಾಣವಲ್ಲ.

ಹೀಗೆ ನಾಲ್ಕು ಕಕ್ಷೆಗಳು ಸಿದ್ಧವಾದವು. ಘೋಷಿತ ನೋಡ್ ಅಕಾಲದಲ್ಲಿ ಸಾಯುತ್ತದೆ, ನ್ಯೂ-ಜನ್ಯವು ಸಾಯುವುದೇ ಇಲ್ಲ, ಕ್ರಿಯೇಟ್-ಜನ್ಯವು ಸಕಾಲದಲ್ಲಿ ಸಾಯುತ್ತದೆ, ಬದುಕಿದಷ್ಟು ಕಾಲ ತನ್ನ ಜಾತಿಯನ್ನು ಅರಿಯದು, ಕ್ರಿಯೇಟ್‌ಆಬ್ಜೆಕ್ಟ್-ಜನ್ಯವು ಪೂರ್ಣ.

ಮೂರನೆಯ ಪೂರ್ವಪಕ್ಷ ಲಾಘವವಾದಿಯದು. ‘ಹಾಗಾದರೆ ಕ್ರಿಯೇಟ್‌ಆಬ್ಜೆಕ್ಟ್ ಒಂದೇ ಸಾಕು. ನೋಡ್‌ಕಂಟೇನರ್ ಕೂಡ ಒಳಗೆ ಅದನ್ನೇ ಕರೆಯುತ್ತದೆ. ಒಳಗಿನದನ್ನು ಬಿಟ್ಟು ಹೊರಗಿನದನ್ನು ವಿಧಿಸುವುದೇಕೆ?’ ಉತ್ತರ: ವಿಧಿಸುತ್ತಿಲ್ಲ. ಎರಡೂ ಸಾಧು, ಭೇದವಿರುವುದು ಅಧಿಕಾರದಲ್ಲಿ. ಸಾಧಾರಣ ನೋಡ್‌ಗಳ ಸಮೂಹ ಬೇಕಾದವನಿಗೆ ಕಂಟೇನರ್: ‘ನಾಲ್ಕು’ ಎಂದರೆ ನಾಲ್ಕು ಬಂದವು, ಅವುಗಳ ಮೇಲೆ ಇಂಟರ್ನೆಟ್ ಸ್ಟ್ಯಾಕ್ (ಪ್ರೋಟೋಕಾಲ್‌ಗಳ ಸಮೂಹ) ಹೂಡುವ ಸಹಾಯಕ ವಸ್ತುವಾದ ಹೆಲ್ಪರ್‌ಗೆ ಕಂಟೇನರನ್ನೇ ಕೊಟ್ಟರೆ ಆಯಿತು. ನೋಡ್ ವರ್ಗವನ್ನು ವಿಸ್ತರಿಸಿ ತನ್ನದೇ ಉಪವರ್ಗ ಕಟ್ಟಿಕೊಂಡವನಿಗೆ ಕ್ರಿಯೇಟ್‌ಆಬ್ಜೆಕ್ಟ್. ಕಂಟೇನರ್ ಹುಟ್ಟಿಸುವುದು ಸಾಧಾರಣ ನೋಡ್‌ಗಳನ್ನು ಮಾತ್ರವಾದ್ದರಿಂದ, ಅವನು ತನ್ನದನ್ನು ತಾನೇ ಹುಟ್ಟಿಸಿ ಆಮೇಲೆ ಕಂಟೇನರ್‌ಗೆ ಸೇರಿಸಬೇಕು. ಇಲ್ಲಿ ಒಂದು ಎಚ್ಚರ. ಒಂದೇ ಕಂಟೇನರ್ ಮೇಲೆ ‘ಎರಡು ಸೃಷ್ಟಿಸು’ ಎಂದು, ಮತ್ತೆ ‘ಮೂರು ಸೃಷ್ಟಿಸು’ ಎಂದರೆ ಅದರಲ್ಲಿರುವುದು ಮೂರಲ್ಲ, ಐದು. ಎರಡನೆಯ ವಚನ ಮೊದಲಿನದಕ್ಕೆ ಬಾಧಕವಲ್ಲ, ಸಮುಚ್ಚಾಯಕ.

ಕಂಟೇನರ್ ಮತ್ತು ನೋಡ್ ಇವುಗಳ ಸಂಬಂಧವನ್ನು ಆಧಾರ-ಆಧೇಯವೆಂದು ಭಾವಿಸುವುದು ಬಹುಜನರ ಪ್ರಮಾದ. ಕಂಟೇನರ್ ನೋಡ್‌ಗಳನ್ನು ಧರಿಸುವುದಿಲ್ಲ, ನಿರ್ದೇಶಗಳನ್ನು ಧರಿಸುತ್ತದೆ. ಕಂಟೇನರ್ ಅಳಿದರೂ ನೋಡ್ ಅಳಿಯದು, ನೋಡ್‌ಲಿಸ್ಟ್ ಅದನ್ನು ಹಿಡಿದಿರುತ್ತದೆ. ಕಂಟೇನರನ್ನು ನಕಲು ಮಾಡಿದರೆ ನೋಡ್ ಇಮ್ಮಡಿಯಾಗದು. ಒಂದೇ ನೋಡ್ ಹಲವು ಕಂಟೇನರ್‌ಗಳಲ್ಲಿ ಏಕಕಾಲಕ್ಕೆ ಇರಬಲ್ಲದು. ಉಪ್ಪಳವೇ ಸಾಕ್ಷಿ. ರೈಲ್ವೆಯ ಪಟ್ಟಿಯಲ್ಲಿ ಅದು ಯುಎಎ, ಅಂಚೆಯ ಪಟ್ಟಿಯಲ್ಲಿ 671322. 1956ರ ನವೆಂಬರ್ 1ಕ್ಕೆ ಮುಂಚೆ ದಕ್ಷಿಣ ಕನ್ನಡ ಜಿಲ್ಲೆಯ ಊರು, ಅಂದಿನಿಂದ ಕೇರಳದ್ದು, 1984ರಲ್ಲಿ ಕಾಸರಗೋಡು ಜಿಲ್ಲೆಯಾದಾಗ ಮತ್ತೊಂದು ಕಂಟೇನರ್‌ಗೆ. ಊರು ಒಂದಂಗುಲವೂ ಸರಿಯಲಿಲ್ಲ. ಕಂಟೇನರ್ ಬದಲಾದಾಗ ನೋಡ್‌ಗೆ ಏನೂ ಆಗದೆಂಬುದು ತಂತ್ರಾಂಶದ ಮಟ್ಟಿಗೆ ಮಾತ್ರ ಸತ್ಯವೆಂದು ಇಲ್ಲಿಯ ಕನ್ನಡಿಗರು ಆಕ್ಷೇಪಿಸಬಹುದು; ಆ ಆಕ್ಷೇಪ ಈ ಶಾಸ್ತ್ರದ ವ್ಯಾಪ್ತಿಯ ಹೊರಗಿನದು, ಅಸಾಧುವಲ್ಲ.

ಇನ್ನು ಸಂಖ್ಯೆಯ ವಿಚಾರ. ಪೂರ್ವಪಕ್ಷ: ನೋಂದಣಿಯಲ್ಲಿ ದೊರೆತ ಸಂಖ್ಯೆಯೇ ನೋಡ್‌ನ ಹೆಸರು, ಪಥದಲ್ಲಿ ‘2’ ಎಂದು ಬರೆದರೆ ಉಪ್ಪಳವೇ. ನಮ್ಮ ದೃಷ್ಟಾಂತದಲ್ಲಿ ಇದು ಮೋಹಕವಾಗಿ ಹೊಂದುತ್ತದೆ: ದಕ್ಷಿಣದಿಂದ ಸೃಷ್ಟಿಸುತ್ತ ಬಂದರೆ ಕಾಸರಗೋಡು 0, ಕುಂಬಳೆ 1, ಉಪ್ಪಳ 2, ಮಂಜೇಶ್ವರ 3, ಪಿನ್‌ಕೋಡ್‌ಗಳೂ ಕುಂಬಳೆ 671321, ಉಪ್ಪಳ 671322, ಮಂಜೇಶ್ವರ 671323. ಕೊನೆಯ ಅಂಕೆ ಮತ್ತು ನೋಡ್‌ಸಂಖ್ಯೆ ಒಂದೇ! ಇಷ್ಟು ಚೆಂದದ ಸಂವಾದ ಸಿಕ್ಕಿದರೆ ಯಾರಾದರೂ ಸಂಖ್ಯೆಯನ್ನೇ ಗುರುತೆಂದು ನೆಚ್ಚುತ್ತಾರೆ.

ನೆಚ್ಚಬಾರದು. ಪಿನ್‌ಕೋಡ್ ಅಂಚೆ ಇಲಾಖೆ ಸ್ಥಳಕ್ಕೆ ವಿಚಾರಪೂರ್ವಕವಾಗಿ ಕೊಟ್ಟ ಗುರುತು. ಕುಂಬಳೆ-ಉಪ್ಪಳದ ನಡುವೆ ಹೊಸ ಕಚೇರಿ ತೆರೆದರೂ 671322 ಉಪ್ಪಳದ್ದಾಗಿಯೇ ಉಳಿಯುತ್ತದೆ. ನೋಡ್‌ಸಂಖ್ಯೆ ಜನ್ಮಕ್ರಮದ ಗುರುತು ಮಾತ್ರ. ನಾಳೆ ಜಾಲದಲ್ಲಿ ಬಂದ್ಯೋಡನ್ನೂ ಸೇರಿಸಬೇಕೆಂದು ಪ್ರಯೋಕ್ತೃ ಕುಂಬಳೆಯ ಸಾಲಿನ ಕೆಳಗೆ ಒಂದು ಸಾಲು ಸೇರಿಸಿದ ಎನ್ನೋಣ. ಬಂದ್ಯೋಡು 2 ಆಯಿತು, ಉಪ್ಪಳ 3. ಹಳೆಯ ಪಥ ಕಡಿಯುವುದಿಲ್ಲ, ದೋಷಸೂಚನೆ ಬರುವುದಿಲ್ಲ. ಬಂದ್ಯೋಡಿನ ಪ್ಯಾಕೆಟ್‌ಗಳು ಉಪ್ಪಳದ ಶೀರ್ಷಿಕೆಯಡಿ ಸದ್ದಿಲ್ಲದೆ ದಾಖಲಾಗುತ್ತವೆ. ಕ್ರಿಯೇಟ್-ಜನ್ಯ ನೋಡ್‌ನ ಖಾಲಿ ಫೈಲಿಗಿಂತ ಈ ತುಂಬಿದ ಫೈಲ್ ಅಪಾಯಕರ. ಖಾಲಿ ಫೈಲ್ ಕನಿಷ್ಠ ಶಂಕೆಯನ್ನಾದರೂ ಹುಟ್ಟಿಸುತ್ತದೆ. ಆದ್ದರಿಂದ ನೋಡ್‌ನ ಪಾಯಿಂಟರನ್ನು ಹೆಸರಿಟ್ಟ ಚರದಲ್ಲಿ ಉಳಿಸಿಕೊಳ್ಳಬೇಕು, ಇಲ್ಲವೇ ‘ನೇಮ್ಸ್’ ಎಂಬ ವ್ಯವಸ್ಥೆಯಲ್ಲಿ ‘ಉಪ್ಪಳ’ ಎಂದು ನಾಮಕರಣ ಮಾಡಬೇಕು.

ಸೃಷ್ಟಿಯ ಸೀಮೆ ಎಲ್ಲಿ ಮುಗಿಯುತ್ತದೆ? ವಿಧಿಗಳಲ್ಲಿ ಉತ್ಪತ್ತಿವಿಧಿ ಬೇರೆ, ವಿನಿಯೋಗವಿಧಿ ಬೇರೆ, ಪ್ರಯೋಗವಿಧಿ ಬೇರೆ. ನೋಡ್ ಹುಟ್ಟುವುದು ಉತ್ಪತ್ತಿ. ಅದಕ್ಕೆ ಉಪಕರಣ, ಇಂಟರ್ನೆಟ್ ಸ್ಟ್ಯಾಕ್, ಸ್ಥಾನ ಇವುಗಳನ್ನು ಸೇರಿಸುವುದು ವಿನಿಯೋಗ. ಯಾವುದು ಮೊದಲು ಎಂಬುದು ಪ್ರಯೋಗ. ಸ್ಟ್ಯಾಕ್ ಇಲ್ಲದ ನೋಡ್‌ಗೆ ವಿಳಾಸ ಕೊಡಹೋದರೆ ಎನ್‌ಎಸ್-3 ಅಲ್ಲೇ ನಿಂತು, ಸ್ಟ್ಯಾಕ್ ಹೂಡುವ ಹೆಲ್ಪರ್ ಬೇಕಿತ್ತೇನೋ ಎಂದು ಸೂಚಿಸುತ್ತದೆ. ಈ ಕ್ರಮ ನಿಯತ. ಉಪಕರಣ ಮತ್ತು ಸ್ಟ್ಯಾಕ್ ಇವುಗಳ ಕ್ರಮ ಅನಿಯತವೆಂದು ಸಾಮಾನ್ಯವಾಗಿ ಹೇಳುತ್ತಾರೆ, ಅದು ಅರ್ಧಸತ್ಯ. ಸ್ಟ್ಯಾಕ್ ಹೂಡಿದಾಗ ಲೂಪ್‌ಬ್ಯಾಕ್ ಎಂಬ ಆತ್ಮಮುಖಿ ಉಪಕರಣವೊಂದು ತಾನಾಗಿ ನೋಡ್‌ಗೆ ಸೇರುತ್ತದೆ. ಸ್ಟ್ಯಾಕ್ ಮೊದಲಾದರೆ ಡಿವೈಸ್‌ಲಿಸ್ಟ್‌ನ 0 ಲೂಪ್‌ಬ್ಯಾಕ್. ಉಪಕರಣ ಮೊದಲಾದರೆ 0 ಕುಂಬಳೆಯತ್ತಣ ಕೊಂಡಿ. ಪ್ಯಾಕೆಟ್ ಎರಡರಲ್ಲೂ ತಲುಪುತ್ತದೆ, ದಾಖಲೆಯ ಸಂಖ್ಯೆ ಬದಲಾಗುತ್ತದೆ. ಗಮನಕ್ಕೆ ವ್ಯತ್ಯಾಸವಿಲ್ಲ, ಗಣನೆಗೆ ಇದೆ.

ಓಮ್‌ನೆಟ್++ ತಂತ್ರದಲ್ಲಿ ಇದೇ ಪ್ರಶ್ನೆ ಇನ್ನೊಂದು ರೂಪದಲ್ಲಿ ಬರುತ್ತದೆ. ಅಲ್ಲಿ ಅನುಕರಣ ನಡೆಯುವಾಗಲೇ ನೋಡ್ ಹುಟ್ಟಿಸಲು ಒಂದೇ ಹೆಜ್ಜೆಯ ವಚನವಿದೆ, ‘ಕ್ರಿಯೇಟ್‌ಷೆಡ್ಯೂಲ್‌ಇನಿಟ್’. ಸೃಷ್ಟಿ, ಅಂಗರಚನೆ, ಪ್ರಾರಂಭ ಎಂದು ಬಿಡಿಬಿಡಿಯಾಗಿ ಹೇಳುವ ಮಾರ್ಗವೂ ಇದೆ. ಏಕಪದವು ಲಘು, ಆದ್ದರಿಂದ ಸದಾ ಗ್ರಾಹ್ಯವೆಂಬುದು ಪೂರ್ವಪಕ್ಷ. ಪ್ರಾರಂಭಕ್ಕೆ ಮುಂಚೆ ಗೇಟುಗಳನ್ನು ಜೋಡಿಸಬೇಕಾದಲ್ಲಿ, ನಿಯತಾಂಕಗಳನ್ನು ತುಂಬಬೇಕಾದಲ್ಲಿ ಏಕಪದದೊಳಗೆ ಅವಕಾಶವೇ ಇಲ್ಲವಾದ್ದರಿಂದ ಅಲ್ಲಿ ಬಹುಪದವೇ ಸಾಧು. ಅಂಥ ಅಪೇಕ್ಷೆಯಿಲ್ಲದಲ್ಲಿ ಏಕಪದ. ಇಷ್ಟು ಸಾಕು.

ಕೊನೆಯದಾಗಿ ವಿಭಕ್ತಸೃಷ್ಟಿ. ಜಾಲ ದೊಡ್ಡದಾಗಿ ಒಂದು ಗಣಕಕ್ಕೆ ಹೊರಲಾರದಷ್ಟಾದರೆ ಹಲವು ಪ್ರಕ್ರಿಯೆಗಳಿಗೆ ಹಂಚಬೇಕಾಗುತ್ತದೆ. ಆಗ ಕಂಟೇನರ್‌ನ ಕ್ರಿಯೇಟ್ ವಚನಕ್ಕೆ ಸಂಖ್ಯೆಯ ಜೊತೆ ‘ಸಿಸ್ಟಮ್‌ಐಡಿ’ ಎಂಬ ಎರಡನೆಯ ಅಂಶ ಕೊಡಬೇಕು. ಈ ನೋಡ್ ಯಾವ ಪ್ರಕ್ರಿಯೆಯ ಪಾಲಿನದೆಂದು ಅದು ಹೇಳುತ್ತದೆ. ನೋಡ್‌ಗಳು ಎಲ್ಲ ಪ್ರಕ್ರಿಯೆಗಳಲ್ಲೂ ಹುಟ್ಟುತ್ತವೆ. ಅನ್ವಯಗಳನ್ನು ಮಾತ್ರ ಸ್ವಂತ ಪಾಲಿನ ನೋಡ್ ಮೇಲಷ್ಟೇ ಹೂಡಬೇಕು. ವಿಭಾಗರೇಖೆಯನ್ನು ದಾಟುವ ಕೊಂಡಿ ಪಾಯಿಂಟ್-ಟು-ಪಾಯಿಂಟ್ ಆಗಿರಬೇಕು. ನಮ್ಮ ದೃಷ್ಟಾಂತವನ್ನು ಮಂಗಳೂರಿನವರೆಗೆ ಬೆಳೆಸಿದರೆ ರೇಖೆಯನ್ನು ಎಳೆಯಬೇಕಾದಲ್ಲಿ ಈಗಾಗಲೇ ಒಂದು ರೇಖೆ ಇದೆ: ತಲಪಾಡಿ. ದಕ್ಷಿಣಕ್ಕೆ ಕೇರಳದ ದೂರಸಂಪರ್ಕ ವೃತ್ತ, ಉತ್ತರಕ್ಕೆ ಕರ್ನಾಟಕದ್ದು. ದಕ್ಷಿಣದ ಪಿನ್‌ಕೋಡ್‌ಗಳು 6ರಿಂದ ಮೊದಲಾದರೆ ಉತ್ತರದವು 5ರಿಂದ. ಮಂಜೇಶ್ವರದವರೆಗಿನ ನಾಲ್ಕು ನೋಡ್‌ಗಳಿಗೆ ಸಿಸ್ಟಮ್‌ಐಡಿ 0, ಮಂಗಳೂರಿಗೆ 1, ನಡುವೆ ಒಂದೇ ಒಂದು ಪಾಯಿಂಟ್-ಟು-ಪಾಯಿಂಟ್ ಕೊಂಡಿ.